ಮಕ್ಕಳ ಬಾಯಲ್ಲಿ ಪ್ರಾಸ

ತಮ್ಮ ಮನೆಯಲ್ಲಿ ಐದಾರು ವರ್ಷದ ಮಗುವೊಂದಿದ್ದರೆ, ಈ ಲೇಖನವನ್ನು ಮುಂದೆ ಓದುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬೇಕೆಂದು ಕೋರುತ್ತೇನೆ. ಮಗುವನ್ನು ಹತ್ತಿರ ಕರೆದು “ಮರ ಗಿರ, ಹಣ್ಣು ಗಿಣ್ಣು” ಎಂದು ಎರಡು ಸಲ ಹೇಳಿ. ಆಮೇಲೆ “ಹಾಲು” ಎಂದಷ್ಟೇ ಹೇಳಿ ಸುಮ್ಮನಾಗಿ. ಮಗು “ಗೀಲು” ಎನ್ನುತ್ತದೆ. “ಊಟ” ಎಂದರೆ “ಗೀಟ” ಎನ್ನುತ್ತದೆ. “ಪುಸ್ತಕ” ಎಂದರೆ “ಗಿಸ್ತಕ” ಎಂದು ನಗುತ್ತದೆ. ಹ್ರಸ್ವಕ್ಕೆ ಹ್ರಸ್ವ, ದೀರ್ಘಕ್ಕೆ ದೀರ್ಘ, ಒತ್ತಿಗೆ ಒತ್ತು, ಒಂದೂ ತಪ್ಪುವುದಿಲ್ಲ. ಇದನ್ನು ಅದಕ್ಕೆ ಯಾರೂ ಕೂರಿಸಿಕೊಂಡು ಕಲಿಸಿದವರಿಲ್ಲ. “ಹಾಲು ಗಿಲು” ಎಂದು ಹೇಳಿದ ಕನ್ನಡದ ಮಗುವನ್ನು ನಾನು ಇದುವರೆಗೆ ಕಂಡಿಲ್ಲ.

ಕನ್ನಡ ಪಂಡಿತನೆಂದು ಹಲವು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಈ ಸಣ್ಣ ಸಂಗತಿಯ ಬೆಲೆ ತಿಳಿಯಲು ಬಹುಕಾಲ ಹಿಡಿಯಿತು. ಮಕ್ಕಳ ಆಟದ ಪದ್ಯ ಎಂದರೇನು, ಚಿತ್ರದ ಪುಸ್ತಕ ಎಂದರೇನು, ಅವುಗಳಿಗೂ ಮಗು ಮುಂದೆ ಕನ್ನಡ ಓದುವುದಕ್ಕೂ ಇರತಕ್ಕ ಸಂಬಂಧವೇನು ಎಂಬುದನ್ನು ಈ “ಗಿರ ಗೀಲು”ಗಳ ದಾರಿಯಿಂದಲೇ ತಮ್ಮ ಮುಂದಿಡುವೆನು.

ಹಳಗನ್ನಡದ ಕವಿಗಳಿಗೆ ಪ್ರಾಸವೆಂದರೆ ಸಾಲಿನ ಕೊನೆಯಲ್ಲಿ ಬರುವಂಥದ್ದಲ್ಲ. ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಹಿಂದಿನ ಸ್ವರ ಒಂದು ಸಾಲಿನಲ್ಲಿ ಹ್ರಸ್ವವಾದರೆ ಎಲ್ಲ ಸಾಲಿನಲ್ಲಿಯೂ ಹ್ರಸ್ವ, ದೀರ್ಘವಾದರೆ ದೀರ್ಘ. ಇದನ್ನು ಆದಿಪ್ರಾಸವೆಂದೂ ದ್ವಿತೀಯಾಕ್ಷರಪ್ರಾಸವೆಂದೂ ಕರೆಯುತ್ತಾರೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ನಾಗವರ್ಮನು ತನ್ನ ‘ಛಂದೋಂಬುಧಿ’ಯಲ್ಲಿ ಛಂದಸ್ಸಿನ ಲಕ್ಷಣಗಳನ್ನು ಮಡದಿಗೆ ಹೇಳುವ ಧಾಟಿಯಲ್ಲಿ ಹೇಳಿದ್ದಾನೆ. ಈ ಪ್ರಾಸದಲ್ಲಿ ಆರು ಬಗೆ. ಆರಕ್ಕೂ ನಮ್ಮ ಲಾಕ್ಷಣಿಕರು ಪ್ರಾಣಿಗಳ ಹೆಸರನ್ನೇ ಇಟ್ಟಿರುವುದು ಮಕ್ಕಳಿಗೆ ಹೇಳಬೇಕಾದ ಸೊಗಸು. ಹ್ರಸ್ವದ ಮುಂದೆ ಒಂಟಿ ವ್ಯಂಜನ ಬಂದರೆ ಸಿಂಹ, ದೀರ್ಘದ ಮುಂದೆ ಬಂದರೆ ಗಜ, ಸೊನ್ನೆಯ ಮುಂದೆ ಬಂದರೆ ವೃಷಭ, ಬೇರೆ ಬೇರೆ ವ್ಯಂಜನಗಳು ಕೂಡಿ ಒತ್ತಾದರೆ ಶರಭ, ಒಂದೇ ವ್ಯಂಜನ ಇಮ್ಮಡಿಸಿದರೆ ಹಯ, ವಿಸರ್ಗ ಬಂದರೆ ಅಜ, ಎಂದರೆ ಆಡು.

ಈಗ ಮಗುವಿನ ಮಾತಿಗೆ ಹಿಂದಿರುಗೋಣ. “ಮರ ಗಿರ” ಸಿಂಹಪ್ರಾಸ. “ಹಾಲು ಗೀಲು” ಗಜಪ್ರಾಸ. “ದಂಟು ಗಿಂಟು” ವೃಷಭ. “ಪುಸ್ತಕ ಗಿಸ್ತಕ” ಶರಭ. “ಹಣ್ಣು ಗಿಣ್ಣು” ಹಯ. ಆಡೊಂದು ಮಾತ್ರ ನಮ್ಮ ಬೀದಿಗೆ ಬರುವುದಿಲ್ಲ. ಏಕೆಂದರೆ “ದುಃಖ”ವನ್ನು ನಾವು ಮನೆಮಾತಿನಲ್ಲಿ “ದುಕ್ಕ” ಎನ್ನುತ್ತೇವೆ, ಅದು “ದುಕ್ಕ ಗಿಕ್ಕ” ಆಗಿ ಕುದುರೆಯ ಲಾಯವನ್ನೇ ಸೇರುತ್ತದೆ. ಸಾವಿರ ವರ್ಷದ ಲಕ್ಷಣಗ್ರಂಥ ಹೇಳುವ ಪ್ರಾಸದ ನಿಯಮವನ್ನು ನಮ್ಮ ಹಾಲಿನವನೂ ಸೊಪ್ಪಿನವಳೂ ದಿನವೂ ಪಾಲಿಸುತ್ತಿದ್ದಾರೆಂದ ಹಾಗಾಯಿತು. ಕವಿಗಳು ಪ್ರಾಸವನ್ನು ಎಲ್ಲಿಂದಲೋ ತಂದು ಕನ್ನಡಕ್ಕೆ ತೊಡಿಸಲಿಲ್ಲ. ಅದು ನುಡಿಯ ಒಳಗೇ ಇತ್ತು.

ಮೈಸೂರು ರಸ್ತೆಯ ಮಗ್ಗುಲಿನ ನಮ್ಮ ಬಾಪೂಜಿ ನಗರದಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿವೆ. ತೆಲುಗು, ತಮಿಳಿನ ಮಕ್ಕಳೂ ಈ “ಗಿ”ಕಾರದ ಆಟವನ್ನೇ ಆಡುತ್ತಾರೆ. ಉರ್ದು ಮನೆಯ ಹುಡುಗ “ಚಾಯ್ ವಾಯ್” ಎನ್ನುತ್ತಾನೆ; ಅವನ ಆಟದ ಅಕ್ಷರ ಬೇರೆ, ಆಟ ಒಂದೇ. ಸಂಜೆ ಬೀದಿಯಲ್ಲಿ ಇವರೆಲ್ಲ ಕೂಡಿ ಆಡುವಾಗ ಯಾರ ಪ್ರಾಸ ಯಾರದೆಂದು ಹೇಳಲು ಬರುವುದಿಲ್ಲ.

ಇಷ್ಟನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಒಂದು ಘಟನೆಯನ್ನು ತಮ್ಮಿಂದ ಮರೆಮಾಡಲಾರೆ. ಎಂಟನೆಯ ತರಗತಿಗೆ ಪ್ರಾಸಲಕ್ಷಣ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಆರು ಪ್ರಾಣಿಗಳ ಹೆಸರನ್ನೂ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲನೆ “ಪ್ರಾಸ ಗೀಸ” ಎಂದ. ತರಗತಿಯೆಲ್ಲ ನಕ್ಕಿತು. ಪಾಠವನ್ನು ಗೇಲಿಮಾಡಿದನೆಂದು ನನಗೆ ಸಿಟ್ಟು ಬಂದು ಅವನ ಕಿವಿ ಹಿಂಡಿ ಹೊರಗೆ ನಿಲ್ಲಿಸಿದೆ. ಮರುದಿನದಿಂದ ಆ ಹುಡುಗ ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಪದ್ಯ ಹೇಳೆಂದರೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಪರೀಕ್ಷೆಯಲ್ಲಿ ಲಕ್ಷಣವನ್ನು ತಪ್ಪಿಲ್ಲದೆ ಬರೆದ, ಅಂಕವನ್ನೂ ಕೊಟ್ಟೆ. “ಪ್ರಾಸ ಗೀಸ” ಎಂಬುದು ಗಜಪ್ರಾಸಕ್ಕೆ ಅಚ್ಚುಕಟ್ಟಾದ ಉದಾಹರಣೆ ಎಂದೂ, ಆ ದಿನ ತರಗತಿಯಲ್ಲಿ ಪ್ರಾಸವೆಂದರೇನೆಂದು ತಿಳಿದಿದ್ದವನು ಅವನೊಬ್ಬನೇ ಎಂದೂ ನನಗೆ ಹೊಳೆದದ್ದು ವರ್ಷಗಳು ಕಳೆದ ಮೇಲೆ. ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಹೋಗಿದ್ದ.

ನಾನು ಮಾಡಿದ ತಪ್ಪನ್ನು ದೊಡ್ಡವರಾದ ನಾವೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಮಾಡುತ್ತೇವೆ. ಮಗುವಿನ ಮಾತಿನಾಟ ನಮಗೆ ತಲೆಹರಟೆಯಾಗಿ ಕಾಣುತ್ತದೆ. ಪಠ್ಯಪುಸ್ತಕದ ಪದ್ಯ ಮಾತ್ರ ವಿದ್ಯೆಯಾಗಿ ಕಾಣುತ್ತದೆ. ಎರಡೂ ಒಂದೇ ಮರದ ಹಣ್ಣೆಂಬುದನ್ನು ಬಲ್ಲ ದೊಡ್ಡವರು ಕನ್ನಡದಲ್ಲಿ ಇದ್ದರು. ಮಕ್ಕಳ ಪದ್ಯದ ಚರಿತ್ರೆ ಎಂದರೆ ಅವರ ಚರಿತ್ರೆಯೇ.

ಇಪ್ಪತ್ತನೆಯ ಶತಮಾನದ ಮೊದಲಿಗೆ ದೊಡ್ಡವರ ಕಾವ್ಯದಿಂದ ಆದಿಪ್ರಾಸ ಹೊರಟುಹೋಯಿತು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಅದನ್ನು ಬಿಟ್ಟರು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಲಯ, ಹೊಸ ಸಾಲುಗಳನ್ನು ತಂದಿತು. ಆಮೇಲಿನ ನವ್ಯರು ಅಂತ್ಯಪ್ರಾಸವನ್ನೂ ಬಹುಮಟ್ಟಿಗೆ ಕೈಬಿಟ್ಟರು. ಹೇಳಬೇಕಾದ ಭಾವಕ್ಕೆ ಪ್ರಾಸ ತೊಡಕಾಗುತ್ತಿತ್ತು, ಬಿಟ್ಟದ್ದು ನ್ಯಾಯವೇ. ಆದರೆ ಅಜ್ಜನು ಬಿಟ್ಟ ಆಟಿಕೆಯನ್ನು ಮೊಮ್ಮಗು ಎತ್ತಿಕೊಂಡಂತೆ, ದೊಡ್ಡವರು ಬಿಟ್ಟ ಪ್ರಾಸವನ್ನು ಮಕ್ಕಳ ಪದ್ಯ ಉಳಿಸಿಕೊಂಡಿತು.

ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರನ್ನು (೧೮೭೪–೧೯೩೭) ಮೊದಲು ನೆನೆಯಬೇಕು. ಅವರು ಉಪಾಧ್ಯಾಯರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಮಕ್ಕಳ ಬಾಯನ್ನು ಹತ್ತಿರದಿಂದ ನೋಡಿದವರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಹಿಂದೆ ಇದ್ದವರು. ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕಥೈ’ ಎಂಬ ಅವರ ಕಥೆಗಳ ಹೆಸರನ್ನೇ ಗಟ್ಟಿಯಾಗಿ ಹೇಳಿ ನೋಡಿ. ಪುಸ್ತಕ ತೆರೆಯುವ ಮೊದಲೇ ಕಾಲು ತಾಳ ಹಾಕುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ವರ್ಣನೆಯಿದೆ ಎನ್ನುವುದಕ್ಕಿಂತ ಗಾಳಿಯ ಸದ್ದೇ ಇದೆ ಎನ್ನುವುದು ಸರಿ. ಕನ್ನಡದಲ್ಲಿ ಗಡಗಡ, ಪಟಪಟ, ಥಳಥಳ, ಜುಳುಜುಳು ಎಂಬ ಅನುಕರಣದ ಮಾತುಗಳು ಹೇರಳವಾಗಿವೆ. ವ್ಯಾಕರಣದ ಪುಸ್ತಕದಲ್ಲಿ ಅವಕ್ಕೆ ಒಂದು ಮೂಲೆ. ಪಂಜೆಯವರ ಪದ್ಯದಲ್ಲಿ ಅವಕ್ಕೆ ನಡುಮನೆ.

ಎರಡನೆಯವರು ಜಿ. ಪಿ. ರಾಜರತ್ನಂ. ಎಂ. ಎ. ಓದಿದ ತರುಣರು ಚಿಕ್ಕಮಕ್ಕಳ ತರಗತಿಗೆ ಮೇಷ್ಟರಾಗಿ ನಿಂತರು. ಅಲ್ಲಿದ್ದ ಪದ್ಯಗಳು ಮಕ್ಕಳ ನಾಲಗೆಗೆ ಭಾರವೆನಿಸಿ ತಾವೇ ಪದ್ಯ ಹೊಸೆದರು. ಬಣ್ಣದ ತಗಡಿನ ತುತ್ತೂರಿ ಕೊಂಡು ಬೀಗಿದ ಹುಡುಗನ ಪದ್ಯ ಯಾರಿಗೆ ಗೊತ್ತಿಲ್ಲ? ಹುಡುಗ ಜಂಬಪಟ್ಟ, ಕೊಳದ ಬಳಿ ತುತ್ತೂರಿ ನೀರಿಗೆ ಜಾರಿತು, ಅದರ ದನಿ ಕೆಟ್ಟಿತು, ಅಷ್ಟೇ ಕಥೆ. “ಜಂಬಪಡಬೇಡ” ಎಂಬ ಬುದ್ಧಿಮಾತು ಅದರಲ್ಲಿ ಇದೆ; ಆದರೆ ಅದನ್ನು ಮಗು ನಗುತ್ತಲೇ ನುಂಗಿಬಿಡುತ್ತದೆ. ‘ರತ್ನನ ಪದಗಳು’ ಎಂಬ ಹೆಂಡಗುಡುಕನ ಹಾಡುಗಳನ್ನೂ, ಬೌದ್ಧ ಸಾಹಿತ್ಯದ ಅನುವಾದಗಳನ್ನೂ ಬರೆದದ್ದು ಇದೇ ಲೇಖನಿ. ಮಕ್ಕಳಿಗೆ ಬರೆಯುವುದು ಕೈಲಾಗದವರ ಕೆಲಸವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಮೂರನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳನ್ನು ಕೊಳಲೂದಿ ಓಡಿಸಿದವನ ಹಳೆಯ ಕಥೆಯನ್ನು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ೧೮೪೨ರಲ್ಲಿ ಪದ್ಯವಾಗಿ ಪ್ರಕಟಿಸಿದ. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು. ಇಲಿಗಳು ಮಲೆನಾಡಿನ ಇಲಿಗಳಾದವು, ಗೌಡರು ಬಂದರು, ಕೊಳಲು ಹೋಗಿ ಕಿಂದರಿ ಬಂತು. ಮೂಲದ ಒಂದೊಂದು ಪದಕ್ಕೂ ಒಂದೊಂದು ಕನ್ನಡ ಪದ ಹುಡುಕಿದ್ದರೆ ಇಂದು ಅದನ್ನು ಯಾರೂ ನೆನೆಯುತ್ತಿರಲಿಲ್ಲ. ಅವರು ಪದಗಳನ್ನು ಬಿಟ್ಟು ಕುಣಿತವನ್ನು ತಂದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಚಿತ್ರದ ವಿಷಯ. ಮಕ್ಕಳಿಗೆಂದೇ ಚಿತ್ರವಿಟ್ಟು ಮಾಡಿದ ಪಾಠದ ಪುಸ್ತಕಗಳಲ್ಲಿ ಬಹು ಹಳೆಯದೂ ಹೆಸರಾದದ್ದೂ ಕೊಮೇನಿಯಸ್ ಎಂಬ ಶಿಕ್ಷಣವೇತ್ತನದು. ೧೬೫೮ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಆದರೆ ಚಿತ್ರವೂ ಆಟದ ಪ್ರಾಸವೂ ಕೈಹಿಡಿದು ನಡೆದದ್ದು ಆಮೇಲೆ. ಇಂಗ್ಲೆಂಡಿನ ಎಡ್ವರ್ಡ್ ಲಿಯರ್ ವೃತ್ತಿಯಿಂದ ಚಿತ್ರಕಾರ; ೧೮೪೬ರಲ್ಲಿ ಅರ್ಥವಿಲ್ಲದ ಆಟದ ಪದ್ಯಗಳ ಪುಸ್ತಕವನ್ನು ತನ್ನವೇ ಚಿತ್ರಗಳೊಡನೆ ಹೊರತಂದ. ನಮ್ಮ ದೇಶದಲ್ಲಿಯೇ, ಬಂಗಾಳದ ಸುಕುಮಾರ ರಾಯ್ ತಮ್ಮ ‘ಆಬೋಲ್ ತಾಬೋಲ್’ಗೆ ಪದ್ಯವನ್ನೂ ಚಿತ್ರವನ್ನೂ ತಾವೇ ಬರೆದರು. ಅವರ ತಂದೆ ಉಪೇಂದ್ರಕಿಶೋರರು ಚಿತ್ರದ ಬ್ಲಾಕು ತಯಾರಿಸುವ ವಿದ್ಯೆಯಲ್ಲಿ ಪಳಗಿದವರು; ಮನೆಯಲ್ಲೇ ಅಚ್ಚುಕೂಟ, ೧೯೧೩ರಿಂದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ. ೧೯೨೩ರ ಸೆಪ್ಟೆಂಬರಿನಲ್ಲಿ ಆ ಪುಸ್ತಕ ಹೊರಬರುವ ಕೆಲವೇ ದಿನ ಮೊದಲು ಸುಕುಮಾರರು ತೀರಿಕೊಂಡರು. ಅವರಿಗಿನ್ನೂ ೩೫ ವರ್ಷ.

ಅಮೆರಿಕದ ಡಾಕ್ಟರ್ ಸ್ಯೂಸ್ ಎಂಬ ಹೆಸರಿನ ಥಿಯೊಡರ್ ಗೈಸೆಲ್ ಅವರ ಕಥೆ ಮೇಷ್ಟರಿಗೆಲ್ಲ ಪಾಠವಾಗುವಂಥದು. ಅಲ್ಲಿಯ ಮೊದಲ ತರಗತಿಯ ವಾಚನ ಪುಸ್ತಕಗಳು ಸಪ್ಪೆಯಾದ್ದರಿಂದ ಮಕ್ಕಳು ಓದುತ್ತಿಲ್ಲವೆಂಬ ದೂರು ೧೯೫೪ರ ಸುಮಾರಿಗೆ ಎದ್ದಿತು. ಚಿಕ್ಕ ಮಕ್ಕಳಿಗೆ ತಿಳಿದಿರತಕ್ಕ ಪದಗಳ ಪಟ್ಟಿಯೊಂದನ್ನು ಕೊಟ್ಟು, ಇಷ್ಟರಲ್ಲೇ ಒಂದು ಪುಸ್ತಕ ಬರೆಯಿರೆಂದು ಅವರನ್ನು ಕೇಳಿದರು. ೧೯೫೭ರಲ್ಲಿ ಟೋಪಿ ಹಾಕಿದ ಬೆಕ್ಕಿನ ಪುಸ್ತಕ ಬಂತು. ಅದರಲ್ಲಿ ಬಳಸಿರುವುದು ೨೩೬ ಬೇರೆ ಬೇರೆ ಪದಗಳು ಮಾತ್ರ. ೧೯೬೦ರ ಇನ್ನೊಂದು ಪುಸ್ತಕದಲ್ಲಿ ಕೇವಲ ೫೦. ಪದಗಳು ಕಡಿಮೆಯಾದಷ್ಟೂ ಪ್ರಾಸ ಹೆಚ್ಚು ದುಡಿಯಿತು. ಪ್ರಾಸದ ಆಸೆಗೆ ಮಗು ಮುಂದಿನ ಸಾಲಿಗೆ ಹಾರಿತು. ಹಾರುತ್ತ ಹಾರುತ್ತ ಓದು ಕಲಿತಿತು.

ಲಿಯರ್, ಸುಕುಮಾರ ರಾಯ್, ಸ್ಯೂಸ್ ಮೂವರೂ ಚಿತ್ರ ಬಲ್ಲವರು. ಕನ್ನಡದ ಕವಿಗಳಿಗೆ ಈ ಅನುಕೂಲವಿರಲಿಲ್ಲ. ಮೊಳೆ ಅಚ್ಚಿನ ಕಾಲದಲ್ಲಿ ಚಿತ್ರಕ್ಕೆ ಬ್ಲಾಕು ಮಾಡಿಸಬೇಕು. ಬಣ್ಣ ಬೇಕಾದರೆ ಬಣ್ಣಕ್ಕೊಂದು ಬ್ಲಾಕು. ಆ ಖರ್ಚಿಗೆ ಕನ್ನಡದ ಪ್ರಕಾಶಕರು ಹೆದರಿದರು. ಹೀಗಾಗಿ ನಮ್ಮ ಮಕ್ಕಳ ಪದ್ಯ ಚಿತ್ರಕ್ಕೆ ಕಾಯದೆ ಬಾಯಿಂದ ಬಾಯಿಗೆ ನಡೆಯಿತು. ಶಾಲೆಯ ಪ್ರಾರ್ಥನೆಯಲ್ಲಿ, ಅಜ್ಜಿಯ ಮಡಿಲಲ್ಲಿ, ರೇಡಿಯೋದ ಮಕ್ಕಳ ಕಾರ್ಯಕ್ರಮದಲ್ಲಿ ಬೆಳೆಯಿತು. ಚಿತ್ರದ ಪುಸ್ತಕ ಬೇರೆ ಬಾಗಿಲಿನಿಂದ ಬಂತು. ದಶಕಗಳ ಕಾಲ ಬಂದ ಕನ್ನಡ ‘ಚಂದಮಾಮ’ ಚಿತ್ರ ನೋಡುವ ಕಣ್ಣನ್ನು ಕೊಟ್ಟಿತು. ದೆಹಲಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಎರಡು ಸಂಸ್ಥೆಗಳು, ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್, ಅಗ್ಗದ ಬೆಲೆಗೆ ಚಿತ್ರದ ಪುಸ್ತಕ ಮಾಡಿದವು. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಮುರಿಯುವವರೆಗೆ ಮಾಸ್ಕೋದಿಂದ ಬರುತ್ತಿದ್ದ, ನುಣುಪು ಕಾಗದದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ೨೦೦೪ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾದ ಪ್ರಥಮ್ ಬುಕ್ಸ್, ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಚಿತ್ರದ ಪುಸ್ತಕ ತಂದು, ೨೦೧೫ರಿಂದ ಅಂಥ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಅಂತರ್ಜಾಲದಲ್ಲಿಟ್ಟಿದೆ. ಆದ್ದರಿಂದ “ಕನ್ನಡದಲ್ಲಿ ಚಿತ್ರದ ಪುಸ್ತಕವೇ ಇಲ್ಲ” ಎಂಬ ಹಳೆಯ ದೂರನ್ನು ಈಗ ಹೇಳುವಂತಿಲ್ಲ.

ಹಾಗಾದರೆ ಕೊರತೆಯೇನು? ಅದು ನನಗೆ ತಿಳಿದದ್ದು ಮೊಮ್ಮಗಳಿಂದ. ಅವಳಿಗೆ ಐದು ವರ್ಷ. ಇಂಗ್ಲಿಷ್ ಮಾಧ್ಯಮದ ಶಾಲೆ. ಇಂಗ್ಲಿಷಿನ ಶಿಶುಪ್ರಾಸಗಳನ್ನು ಕೈಸನ್ನೆಯೊಡನೆ ಹದಿನೈದು ಇಪ್ಪತ್ತು ಹೇಳುತ್ತಾಳೆ. ಅವಳಿಗಾಗಿ ಬಣ್ಣಬಣ್ಣದ ಕನ್ನಡ ಪುಸ್ತಕವೊಂದನ್ನು ತಂದು ತೊಡೆಯ ಮೇಲೆ ಕೂರಿಸಿಕೊಂಡು ಓದತೊಡಗಿದೆ. ಚಿತ್ರ ಚೆನ್ನಾಗಿತ್ತು. ಬೇರೆ ಭಾಷೆಯಿಂದ ಬಂದ ಮಾತು. ಅರ್ಥದಲ್ಲಿ ತಪ್ಪಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ಮೂರನೆಯ ಪುಟಕ್ಕೆ ಅವಳು ತೊಡೆಯಿಂದ ಜಾರಿ, “ತಾತ, ನೀನೇ ಓದ್ಕೋ” ಎಂದು ಹೊರಟುಹೋದಳು. ಮರುದಿನ ಪುಸ್ತಕವಿಲ್ಲದೆ, ಚಿತ್ರವಿಲ್ಲದೆ, ಬಾಯಿಪಾಠವಿದ್ದ ಕಿಂದರಿಜೋಗಿಯ ಇಲಿಗಳನ್ನು ಹೇಳಿದೆ. ಅರ್ಧದಷ್ಟು ಪದ ಅವಳಿಗೆ ತಿಳಿಯಲಿಲ್ಲ, ಆದರೂ ಕದಲಲಿಲ್ಲ. “ಇನ್ನೊಂದ್ಸಲ” ಎಂದಳು.

ಅರ್ಥವಾದ ಪುಸ್ತಕವನ್ನು ಬಿಟ್ಟುಹೋದವಳು ಅರ್ಥವಾಗದ ಪದ್ಯಕ್ಕೆ ಕುಳಿತದ್ದೇಕೆ? ಕಾರಣವನ್ನು ಪಂಡಿತನಾಗಿ ಹೇಳಲು ಯತ್ನಿಸುತ್ತೇನೆ. ಇಂಗ್ಲಿಷಿನಲ್ಲಿ ಪದದ ಕೊನೆಯ ಪ್ರಾಸಕ್ಕೆ ಬೆಲೆಯುಂಟು, ಹುಡುಕಿ ತರಬೇಕು. ಕನ್ನಡದಲ್ಲಿ ನಾಮಪದಕ್ಕೆ ವಿಭಕ್ತಿ, ಕ್ರಿಯಾಪದಕ್ಕೆ ಆಖ್ಯಾತ ಪ್ರತ್ಯಯ ಕೊನೆಗೇ ಬಂದು ಸೇರುತ್ತದೆ. “ಬಂದನು, ಹೋದನು, ತಿಂದನು” ಎಂದರೆ ಪ್ರಾಸ ತಾನಾಗಿ ಬಿದ್ದಿರುತ್ತದೆ. “ಮನೆಯಲ್ಲಿ, ವನದಲ್ಲಿ” ಎಂದರೂ ಅಷ್ಟೇ. ಪುಕ್ಕಟೆ ಸಿಕ್ಕಿದ ಪ್ರಾಸದಿಂದ ಕಿವಿಗೆ ಸಂತೋಷವಿಲ್ಲ. ಆದ್ದರಿಂದಲೇ ಕನ್ನಡದ ಕಿವಿ ಪದದ ಮೊದಲಿಗೆ, ಬೇರಿಗೆ, ಎರಡನೆಯ ಅಕ್ಷರಕ್ಕೆ ಹೋಗಿ ಕುಳಿತಿದೆ. ಇಂಗ್ಲಿಷಿನ ಮಾದರಿಯಲ್ಲಿ ಕೊನೆಯನ್ನಷ್ಟೇ ಹೊಂದಿಸಿದ ಪದ್ಯ, ಅಥವಾ ಅರ್ಥವನ್ನಷ್ಟೇ ತಂದ ಗದ್ಯ, ನಮ್ಮ ಮಗುವಿಗೆ ಉಪ್ಪಿಲ್ಲದ ಸಾರಾಗುತ್ತದೆ.

ಉದಾಹರಣೆಯಿಲ್ಲದೆ ಲಕ್ಷಣ ಹೇಳಬಾರದು. ಹೋದ ವರ್ಷ ಎಂಟನೆಯ ತರಗತಿಯಲ್ಲಿ ಮಳೆ ಬರಲೆಂದು ಹಳ್ಳಿಗಳಲ್ಲಿ ಮಾಡುವ ಕಪ್ಪೆ ಮದುವೆಯ ಮಾತು ಬಂತು. ಮೊದಲ ಸಾಲನ್ನು ನಾನು ಹಲಗೆಯ ಮೇಲೆ ಬರೆದೆ. ಉಳಿದ ಮೂರನ್ನು ಮಕ್ಕಳು ಕೂಗಿ ಕೂಗಿ ಕಟ್ಟಿದರು:

ಕಪ್ಪೆಯ ಮದುವೆಗೆ ಚಪ್ಪರ ಬೇಕು,
ಉಪ್ಪಿನ ಕಾಯಿಗೆ ಬೆಲ್ಲವ ಹಾಕು;
ಹಪ್ಪಳ ಕರಿಯಲು ಹೊಳೆಯಲಿ ನೀರು,
ಕುಪ್ಪಳಿಸುತ್ತಾ ಹೊರಟಿತು ತೇರು!

ಇದು ದೊಡ್ಡ ಕವಿತೆಯಲ್ಲ. ಆದರೆ ಎಣಿಸಿ ನೋಡಿ. ಪ್ರತಿ ಸಾಲಿನಲ್ಲಿ ನಾಲ್ಕು ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ, ಆಮೇಲೆ ಉಸಿರಿಗೆ ಒಂದು ಮಾತ್ರೆಯ ಬಿಡುವು. ಸಾಲಿಗೆ ನಾಲ್ಕು ಚಪ್ಪಾಳೆ ಸರಿಯಾಗಿ ಬೀಳುತ್ತವೆ. ಎರಡನೆಯ ಅಕ್ಷರವೆಲ್ಲ “ಪ್ಪ”ಕಾರ, ಹಯಪ್ರಾಸ. ಕೊನೆಗೆ “ಬೇಕು ಹಾಕು, ನೀರು ತೇರು” ಎಂಬ ಅಂತ್ಯಪ್ರಾಸವೂ ಇದೆ. ಹಪ್ಪಳವನ್ನು ಹೊಳೆಯ ನೀರಿನಲ್ಲಿ ಕರಿಯುವುದುಂಟೆ ಎಂದು ತಾವು ಕೇಳಬಹುದು. ಪೋಷಕರೊಬ್ಬರು ನನ್ನನ್ನು ಕೇಳಿಯೇ ಬಿಟ್ಟರು: “ಮಕ್ಕಳಿಗೆ ತಪ್ಪು ಹೇಳಿಕೊಟ್ಟ ಹಾಗಾಗಲಿಲ್ಲವೆ ಮೇಷ್ಟ್ರೇ?” ಹಪ್ಪಳವನ್ನು ಎಣ್ಣೆಯಲ್ಲಿ ಕರಿಯುತ್ತಾರೆಂದು ಬಲ್ಲ ಮಗು ಮಾತ್ರ ಆ ಸಾಲಿಗೆ ನಗುತ್ತದೆ. ಅದು ನಕ್ಕಿತೆಂದರೆ ಪಾಠ ಬಂದಿದೆಯೆಂದೇ ಅರ್ಥ.

ಮಾತಿನಾಟಕ್ಕೂ ಓದಿಗೂ ನಂಟಿದೆಯೆಂಬುದು ನನ್ನೊಬ್ಬನ ಅಭಿಪ್ರಾಯವಲ್ಲ. ೧೯೮೩ರಲ್ಲಿ ಇಂಗ್ಲೆಂಡಿನ ಬ್ರಾಡ್ಲೆ ಮತ್ತು ಬ್ರಯಂಟ್ ಎಂಬ ಇಬ್ಬರು ಸಂಶೋಧಕರು, ನಾಲ್ಕೈದು ವರ್ಷದ ೪೦೦ಕ್ಕೂ ಹೆಚ್ಚು ಮಕ್ಕಳನ್ನು ಹಲವು ವರ್ಷ ಗಮನಿಸಿ ಬರೆದ ಲೇಖನ ಪ್ರಸಿದ್ಧವಾಗಿದೆ. ಓದು ಕಲಿಯುವ ಮುನ್ನವೇ ಪದಗಳ ಪ್ರಾಸವನ್ನೂ ಧ್ವನಿಯನ್ನೂ ಗುರುತಿಸಬಲ್ಲ ಮಕ್ಕಳು ಮುಂದೆ ಓದು ಬರಹದಲ್ಲಿ ಚುರುಕಾದರೆಂದು ಅವರು ಕಂಡುಕೊಂಡರು. ಕಾರಣ ಸರಳ. ಅಕ್ಷರವೆಂಬುದು ಧ್ವನಿಯ ಚಿತ್ರ. ಧ್ವನಿಯನ್ನು ಬಿಡಿಸಿ ಕೇಳಬಲ್ಲ ಕಿವಿಗೆ ಅದರ ಚಿತ್ರ ಬೇಗ ಹಿಡಿಯುತ್ತದೆ. “ಹಾಲು ಗೀಲು” ಎನ್ನುವ ಮಗು ಹ್ರಸ್ವ ದೀರ್ಘಗಳನ್ನು ಆಗಲೇ ಬಿಡಿಸಿಕೊಂಡಿದೆ. ಕಾಗುಣಿತದ ಇಳಿಯನ್ನೂ ದೀರ್ಘವನ್ನೂ ಅದಕ್ಕೆ ತೋರಿಸುವುದಷ್ಟೇ ನಮ್ಮ ಪಾಲಿನ ಕೆಲಸ. ನಮ್ಮ ರಾಜ್ಯದಲ್ಲಿಯೂ ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ‘ನಲಿ ಕಲಿ’ ಪದ್ಧತಿ ಹಾಡು, ಆಟ, ಚಿತ್ರದ ಕಾರ್ಡುಗಳನ್ನು ಅಕ್ಷರದ ಜೊತೆಗೇ ಇಟ್ಟಿತು.

ಇನ್ನು ಮನೆಯಲ್ಲಿ ತಾವು ಮಾಡಬಹುದಾದ ಕೆಲವು ಸಂಗತಿಗಳು. ಚಿತ್ರದ ಪುಸ್ತಕ ಕೊಳ್ಳುವಾಗ ಅಂಗಡಿಯಲ್ಲಿ ನಿಂತೇ ಒಂದು ಪುಟವನ್ನು ಬಾಯಿಬಿಟ್ಟು ಓದಿ, ನಾಚಿಕೆ ಬೇಡ. ನಾಲಗೆ ಎಡವಿದರೆ ಅದು ಮಗುವಿನ ಪುಸ್ತಕವಲ್ಲ. ಎರಡನೆಯದಾಗಿ, ಮಾತು ಹೇಳಿದ್ದನ್ನೇ ಚಿತ್ರವೂ ಹೇಳುತ್ತಿದೆಯೇ ನೋಡಿ. “ಅಡುಗೆಮನೆಯಲ್ಲಿ ಯಾರೂ ಇಲ್ಲ” ಎಂದು ಮಾತು ಹೇಳುತ್ತಿರುವಾಗ ಚಿತ್ರದಲ್ಲಿ ಹಾಲಿನ ಪಾತ್ರೆಯ ಹಿಂದೆ ಬೆಕ್ಕಿನ ಬಾಲ ಕಾಣಬೇಕು. ಅಜ್ಜಿಗೆ ಕಾಣದ್ದು ತನಗೆ ಕಂಡಿತೆಂದು ಮಗು ಕೂಗುತ್ತದೆಯಲ್ಲ, ಒಳ್ಳೆಯ ಚಿತ್ರದ ಪುಸ್ತಕದ ಜೀವ ಅಲ್ಲಿದೆ. ಮೂರನೆಯದಾಗಿ, ಪದ್ಯ ಓದುವಾಗ ಸಾಲಿನ ಕೊನೆಯ ಪದವನ್ನು ಹೇಳದೆ ನಿಲ್ಲಿಸಿ. ಮಗು ತುಂಬುತ್ತದೆ. ತಪ್ಪಾಗಿ ತುಂಬಿದರೂ ಪ್ರಾಸ ಕೂಡಿದ್ದರೆ ತಿದ್ದಬೇಡಿ.

ಕೊಳ್ಳಲು ಅನುಕೂಲವಿಲ್ಲದಿದ್ದರೆ ಪುಸ್ತಕವನ್ನು ಮನೆಯಲ್ಲೇ ಮಾಡಬಹುದು. ನಾಲ್ಕು ಬಿಳಿಯ ಹಾಳೆಗಳನ್ನು ಒಟ್ಟಿಗೆ ನಡುವೆ ಮಡಿಸಿ ಸೂಜಿದಾರದಿಂದ ಹೊಲಿದರೆ ೧೬ ಪುಟವಾಯಿತು. ಅಚ್ಚಿನ ಚಿತ್ರಪುಸ್ತಕಗಳು ಸಾಮಾನ್ಯವಾಗಿ ೧೬, ೨೪, ೩೨ ಎಂದು ಎಂಟರ ಲೆಕ್ಕದಲ್ಲೇ ಇರುವುದಕ್ಕೂ ಈ ಮಡಿಕೆಯೇ ಕಾರಣ. ಪುಟಕ್ಕೊಂದು ಜೋಡಿ ಪದ ಮಗು ಹೇಳಲಿ, ತಾವು ಬರೆಯಿರಿ, ಚಿತ್ರ ಮಗು ಬರೆಯಲಿ. “ಕಾಗೆ ಗೀಗೆ” ಎಂಬುದರಲ್ಲಿ ಕಾಗೆ ಹೇಗಿರುತ್ತದೆಂದು ಎಲ್ಲರೂ ಬಲ್ಲರು. ಗೀಗೆ ಹೇಗಿರುತ್ತದೆಂದು ಬಲ್ಲದ್ದು ತಮ್ಮ ಮಗುವೊಂದೇ.

ನಮ್ಮ ಮನೆಯಲ್ಲಿಯೂ ಅಂಥದೊಂದು ಪುಸ್ತಕ ಸಿದ್ಧವಾಗಿದೆ. ಮೊಮ್ಮಗಳು ಬರೆದ ಗೀಗೆಗೆ ಮೂರು ಕಾಲು, ತಲೆಯ ಮೇಲೆ ಕೊಡೆ. ಅದಕ್ಕೆ ಮೂರು ಕಾಲು ಏಕೆಂದು ಕೇಳಿದೆ. “ಗೀಗೆಗೆ ಅಷ್ಟೇ ತಾತ” ಎಂದಳು. “ಗಿಡ” ಎಂಬ ಪುಟದಲ್ಲಿ ಮಾತ್ರ ಇಬ್ಬರೂ ಸಿಕ್ಕಿಕೊಂಡೆವು. ಮೊದಲೇ “ಗಿ” ಇರುವ ಪದಕ್ಕೆ ಮತ್ತೆ “ಗಿ” ಹೇಗೆ ಸೇರಿಸುವುದು? ನಾನು ವ್ಯಾಕರಣವನ್ನು ನೆನೆಯುತ್ತಿದ್ದಂತೆಯೇ ಅವಳು “ಗಿಡ ಪಿಡ” ಎಂದು ಬರೆಯಲು ಹೇಳಿ ಪುಟ ತಿರುಗಿಸಿದಳು. ಲೆಕ್ಕ ಸರಿಯಾಗಿತ್ತು, ಸಿಂಹಪ್ರಾಸ. ಹಿಂದೆ ಕಿವಿ ಹಿಂಡಿಸಿಕೊಂಡ ಆ ಹುಡುಗನನ್ನು ನೆನೆದು, ಅವಳು ಹೇಳಿದಂತೆಯೇ ಬರೆದೆ.